ಮೂರು ಸುತ್ತು ಗುಂಡು, ಒಂದು ಉಯಿಲು

ಕನ್ನಡದಲ್ಲಿ 1965ರಲ್ಲಿ ಎರಡು ಕಾದಂಬರಿಗಳು ಬಂದವು. ಸತ್ತವರಿಗೆ ಕರ್ಮ ಮಾಡುವ ಹಕ್ಕು ಯಾರದು ಎಂಬ ಪ್ರಶ್ನೆ ಎರಡರಲ್ಲೂ ಇತ್ತು. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿದೆ. ಅದನ್ನು ಯಾರು ಸುಡಬೇಕೆಂಬುದು ಇತ್ಯರ್ಥವಾಗುವ ತನಕ ಅಗ್ರಹಾರದವರು ಊಟ ಮಾಡುವಂತಿಲ್ಲ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಶಾಸ್ತ್ರದಲ್ಲೂ ಉತ್ತರ ಸಿಗದು, ಮಾರುತಿಯೂ ಪ್ರಸಾದ ಕೊಡನು. ಕೊನೆಗೆ ನಾರಣಪ್ಪನ ಸಂಗಾತಿ ಚಂದ್ರಿಯೇ ಅಹ್ಮದ್ ಬ್ಯಾರಿಯ ನೆರವು ಪಡೆದು ರಾತ್ರೋರಾತ್ರಿ ಸುಟ್ಟು ಬರುತ್ತಾಳೆ. ಭೈರಪ್ಪನವರ 'ವಂಶವೃಕ್ಷ'ದಲ್ಲಿ ಶ್ರಾದ್ಧ ಮಾಡುತ್ತ ಬಂದ ಶ್ರೀನಿವಾಸ ಶ್ರೋತ್ರಿಗಳಿಗೆ ತಾವು ಆ ವಂಶದ ರಕ್ತವೇ ಅಲ್ಲ ಎಂದು ಗೊತ್ತಾಗುತ್ತದೆ. ಈ ಇಬ್ಬರು ಲೇಖಕರೂ ಬದುಕಿರುವಾಗ ಒಬ್ಬರನ್ನೊಬ್ಬರು ಒಪ್ಪಿದವರಲ್ಲ. 2007ರಲ್ಲಿ 'ಆವರಣ' ಬಂದಾಗ ಆ ಭಿನ್ನಾಭಿಪ್ರಾಯ ಪತ್ರಿಕೆಗಳ ತುಂಬ ಹರಡಿಕೊಂಡಿತ್ತು. ಆದರೆ ಸತ್ತಾಗ ಇಬ್ಬರಿಗೂ ಸಿಕ್ಕಿದ್ದು ಒಂದೇ ಬಗೆಯ ಮರ್ಯಾದೆ: ರವೀಂದ್ರ ಕಲಾಕ್ಷೇತ್ರದಲ್ಲಿ ಅಂತಿಮ ದರ್ಶನ, ಪೊಲೀಸ್ ಗೌರವ, ಕುಶಾಲತೋಪು. 2014ರ ಆಗಸ್ಟ್‌ನಲ್ಲಿ ಅನಂತಮೂರ್ತಿ, 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪ. ಎರಡು ಸಲವೂ ಮುಖ್ಯಮಂತ್ರಿಯಾಗಿದ್ದವರು ಸಿದ್ದರಾಮಯ್ಯ.

ಸರ್ಕಾರಿ ಗೌರವಕ್ಕೆ ಸಾಹಿತ್ಯದ ಅಭಿರುಚಿ ಇಲ್ಲ ಎಂದು ನಕ್ಕು ಇದನ್ನು ಮುಗಿಸಿಬಿಡಬಹುದು. ಆದರೆ ಪ್ರಶ್ನೆ ಅಷ್ಟು ಹಗುರವಲ್ಲ. ಕಾದಂಬರಿಕಾರ ಬದುಕಿಡೀ ಮಾಡುವುದು ಬಹುಪಾಲು ಜಗಳ: ಜಾತಿಯ ಜೊತೆ, ಮಠದ ಜೊತೆ, ಸರ್ಕಾರದ ಜೊತೆ, ಇನ್ನೊಬ್ಬ ಕಾದಂಬರಿಕಾರನ ಜೊತೆ. ಅವನು ಸತ್ತ ಮರುಗಳಿಗೆಯಲ್ಲಿ ಅವನ ದೇಹಕ್ಕೆ ಧ್ವಜ ಹೊದಿಸುವವರು ಯಾವ ಜಗಳವನ್ನು ಮುಗಿಸುತ್ತಿದ್ದಾರೆ? ಆ ರಾಜಿಗೆ ಸತ್ತವನ ಒಪ್ಪಿಗೆ ಇತ್ತೇ?

ಮೊದಲು ಈ ಗೌರವ ನಡೆಯುವ ಬಗೆ ನೋಡೋಣ. ಹಿಂದೆ ರಾಷ್ಟ್ರಪತಿ, ಪ್ರಧಾನಿಯಂಥವರಿಗೆ ಮೀಸಲಾಗಿದ್ದ ಈ ಮರ್ಯಾದೆಯನ್ನು ಈಗ ರಾಜ್ಯ ಸರ್ಕಾರಗಳು ತಮ್ಮ ವಿವೇಚನೆಯಿಂದ ಯಾರಿಗೆ ಬೇಕಾದರೂ ಕೊಡುತ್ತವೆ. ವಿವೇಚನೆ ಎಂದರೆ ವ್ಯವಹಾರದಲ್ಲಿ ಮುಖ್ಯಮಂತ್ರಿಯ ಮಾತು. ಆ ಮಾತು ಜಿಲ್ಲಾಧಿಕಾರಿಗೂ ಪೊಲೀಸ್ ವರಿಷ್ಠಾಧಿಕಾರಿಗೂ ತಲುಪಿದ ಮೇಲೆ ಉಳಿದದ್ದೆಲ್ಲ ಕವಾಯತಿನ ಕೆಲಸ. ಪಾರ್ಥಿವ ಶರೀರದ ಮೇಲೆ ತ್ರಿವರ್ಣ ಧ್ವಜ ಬರುತ್ತದೆ. ಸಶಸ್ತ್ರ ಪಡೆಯ ಸಾಲು ಬಂದೂಕುಗಳನ್ನು ತಲೆಕೆಳಗು ಮಾಡಿ ನಿಲ್ಲುತ್ತದೆ, ಬ್ಯೂಗಲ್ ಊದುತ್ತದೆ, ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರುತ್ತದೆ. ಧ್ವಜಸಂಹಿತೆಯ ಪ್ರಕಾರ ಧ್ವಜವನ್ನು ಚಿತೆಯಲ್ಲಿ ಸುಡುವಂತಿಲ್ಲ, ಗೋರಿಗೆ ಇಳಿಸುವಂತಿಲ್ಲ. ಹಾಗಾಗಿ ಬೆಂಕಿ ತಾಗುವ ಮುಂಚೆ ಅದನ್ನು ತೆಗೆದು ಮಡಿಸಿ ಮನೆಯವರ ಕೈಗೆ ಕೊಡುತ್ತಾರೆ. ಅಲ್ಲಿಗೆ ಸರ್ಕಾರದ ಪಾಲು ಮುಗಿಯಿತು, ಪುರೋಹಿತರದ್ದೋ ಮನೆಯವರದ್ದೋ ಶುರು. ಸಿಪಾಯಿ, ಸೇನಾಪತಿ, ಮಂತ್ರಿ ಇವರಿಗೆಂದು ಹುಟ್ಟಿದ ಈ ವಿಧಿಯಲ್ಲಿ ಬರಹಗಾರನಿಗೆ ಸಂಬಂಧಪಟ್ಟ ಒಂದೇ ಒಂದು ವಸ್ತುವೂ ಇಲ್ಲ. ಒಂದು ಪುಟ ಓದುವ ಪದ್ಧತಿಯೂ ಇಲ್ಲ.

ಅನಂತಮೂರ್ತಿಯವರ ಅಂತ್ಯಕ್ರಿಯೆ ನಡೆದದ್ದು ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಎಂಟು ತಿಂಗಳ ಹಿಂದೆ ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಅಂತ್ಯಕ್ರಿಯೆ ಆದದ್ದೂ ಅಲ್ಲೇ, 2021ರಲ್ಲಿ ಸಿದ್ದಲಿಂಗಯ್ಯನವರದ್ದೂ ಅಲ್ಲೇ. ಯಾರೂ ಯೋಜನೆ ಹಾಕದೆ, ಒಂದೊಂದು ಸಾವಿಗೂ ಒಂದೊಂದು ತೀರ್ಮಾನ ಆಗುತ್ತ ಆಗುತ್ತ, ಕಲಾವಿದರಿಗೆಂದು ಕಟ್ಟಿದ ಜಾಗ ಸಾಹಿತಿಗಳ ಸ್ಮಶಾನವೂ ಆಯಿತು. ಆ ದಿನ ಒಂದು ಕಡೆ ಪೊಲೀಸರ ಗುಂಡು, ಇನ್ನೊಂದು ಕಡೆ ಮಂತ್ರ. 'ಸಂಸ್ಕಾರ' ಬರೆದವರಿಗೆ ವೈದಿಕ ವಿಧಿ ಯಾಕೆ ಎಂದು ಅವರ ಅಭಿಮಾನಿಗಳೇ ಕೇಳಿದರು. ಅದಕ್ಕಿಂತ ಹಿಂದಿನ ದಿನ, ಸಾವಿನ ಸುದ್ದಿ ಬಂದ ಹೊತ್ತಿನಲ್ಲಿ, ಮಂಗಳೂರು ಮತ್ತು ಚಿಕ್ಕಮಗಳೂರಿನಲ್ಲಿ ಕೆಲವರು ಪಟಾಕಿ ಹೊಡೆದಿದ್ದರು. ಮೋದಿ ಪ್ರಧಾನಿಯಾದ ದೇಶದಲ್ಲಿ ಬದುಕಲಾರೆ ಎಂಬ ಅವರ ಮಾತಿನ ಸಿಟ್ಟು ಅದು. ನನಗನಿಸುವಂತೆ ಪಟಾಕಿ ಹೊಡೆದವರು ಅಸಹ್ಯವಾದದ್ದನ್ನು ಮಾಡಿದರೂ, ಸತ್ತವನು ಯಾರು ಎಂಬುದನ್ನು ಮರೆತಿರಲಿಲ್ಲ. ಕುಶಾಲತೋಪು ಹಾರಿಸುವವರಿಗೆ ಅದನ್ನು ಮರೆಯುವ ಸೌಕರ್ಯವಿದೆ.

ಮಂತ್ರದ ಬಗ್ಗೆ ಎದ್ದ ಪ್ರಶ್ನೆಗೆ ನನ್ನ ಸಹಮತ ಅರ್ಧ ಮಾತ್ರ. ಹೆಣ ಮನೆಯವರದ್ದೂ ಹೌದು. ಗಂಡನನ್ನೋ ಅಪ್ಪನನ್ನೋ ಕಳೆದುಕೊಂಡವರು ತಮಗೆ ಸಮಾಧಾನ ಕೊಡುವ ರೀತಿಯಲ್ಲಿ ಕಳಿಸಿಕೊಟ್ಟರೆ ಅದನ್ನು ಕಾದಂಬರಿಯ ಪುಟ ತಿರುಗಿಸಿ ತಾಳೆ ನೋಡುವುದು ಓದುಗರ ಅಧಿಕಪ್ರಸಂಗ. ಸರ್ಕಾರಕ್ಕೆ ಮಾತ್ರ ಈ ವಿನಾಯಿತಿ ಸಲ್ಲದು. ಅದು ದುಃಖದಲ್ಲಿ ಇಲ್ಲ, ಕಾರ್ಯಕ್ರಮದಲ್ಲಿದೆ.

ಕಾದಂಬರಿಕಾರನ ಹೆಣಕ್ಕೆ ಆಧುನಿಕ ರಾಜ್ಯವೊಂದು ಇಷ್ಟು ದೊಡ್ಡ ಮೆರವಣಿಗೆ ಕಟ್ಟುವ ಚಾಳಿ ಬೇರೂರಿದ್ದು ಫ್ರಾನ್ಸಿನಲ್ಲಿ, ವಿಕ್ಟರ್ ಹ್ಯೂಗೊ ಸತ್ತಾಗ. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನವರೆಲ್ಲ ಅರಿತೋ ಅರಿಯದೆಯೋ ಆ ನಕ್ಷೆಯನ್ನೇ ನಕಲು ಮಾಡಿದ್ದಾರೆ. ಮೂರನೇ ನೆಪೋಲಿಯನ್ ಅಧಿಕಾರ ಕಸಿದದ್ದನ್ನು ವಿರೋಧಿಸಿ ಹ್ಯೂಗೊ 19 ವರ್ಷ ದೇಶಭ್ರಷ್ಟನಾಗಿದ್ದವನು. 1885ರ ಮೇ 22ರಂದು ಪ್ಯಾರಿಸ್‌ನಲ್ಲಿ ಸತ್ತ. ಉಯಿಲಿನ ಸಾರ ಹೀಗಿತ್ತು: ಬಡವರಿಗೆ 50,000 ಫ್ರಾಂಕ್, ಬಡವರ ಹೆಣ ಒಯ್ಯುವ ಗಾಡಿಯಲ್ಲೇ ತನ್ನ ಯಾತ್ರೆ, ಯಾವ ಚರ್ಚಿನ ಪ್ರಾರ್ಥನೆಯೂ ಬೇಡ, ದೇವರಲ್ಲಿ ಮಾತ್ರ ನಂಬಿಕೆ ಉಂಟು. ಸಾಯುವ ಮುಂಚೆ ಆರ್ಚ್‌ಬಿಷಪ್ ತಾನೇ ಬಂದು ಕೊನೆಯ ವಿಧಿ ನಡೆಸುತ್ತೇನೆ ಎಂದು ಕೇಳಿಕೊಂಡರೂ ಮನೆಯವರು ಒಪ್ಪಲಿಲ್ಲ.

ಗಣರಾಜ್ಯಕ್ಕೆ ಆಗ ಇನ್ನೂ ಹದಿನೈದು ವರ್ಷವಾಗಿರಲಿಲ್ಲ. ಅದಕ್ಕೊಬ್ಬ ಸಂತ ಬೇಕಿತ್ತು, ಚರ್ಚಿನವನಲ್ಲದ ಸಂತ. ಪ್ಯಾರಿಸ್‌ನ ಪ್ಯಾಂಥಿಯನ್ ಎಂಬ ಕಟ್ಟಡ ಮೂಲತಃ ಸಂತ ಜೆನೆವಿಯೆವ್‌ಗೆ ಕಟ್ಟಿದ ಇಗರ್ಜಿ. 1791ರಲ್ಲಿ ಕ್ರಾಂತಿಕಾರರು ಅದನ್ನು ಮಹಾಪುರುಷರ ಸಮಾಧಿ ಮಾಡಿದರು. ಆಮೇಲೆ ರಾಜರು ಬಂದಾಗ ಇಗರ್ಜಿ, ಕ್ರಾಂತಿ ಆದಾಗ ಸಮಾಧಿ ಎಂದು ಕಟ್ಟಡ ಮಗುಚುತ್ತಲೇ ಇತ್ತು. ಹ್ಯೂಗೊ ಸತ್ತ ನಾಲ್ಕೇ ದಿನಕ್ಕೆ ಸುಗ್ರೀವಾಜ್ಞೆ ಹೊರಟು ಅದು ಮತ್ತೆ ಲೌಕಿಕವಾಯಿತು, ಅಲ್ಲಿಂದ ಮುಂದೆ ಬದಲಾಗಲಿಲ್ಲ. ಒಬ್ಬ ಕಾದಂಬರಿಕಾರನನ್ನು ಹೂಳಲು ಒಂದು ದೇವಾಲಯವನ್ನೇ ಖಾಲಿ ಮಾಡಿಸಿದ್ದು ಅದೊಂದೇ ಇರಬೇಕು. ಮೇ 31ರ ರಾತ್ರಿ ಕಪ್ಪು ಬಟ್ಟೆ ಹೊದ್ದ ವಿಜಯ ಕಮಾನಿನ ಕೆಳಗೆ ಶವಪೆಟ್ಟಿಗೆಯನ್ನು ಇಟ್ಟರು, ಸುತ್ತ ಕುದುರೆ ಸವಾರರು ಪಂಜು ಹಿಡಿದು ಕಾದರು. ಮರುದಿನದ ಜನಸಾಗರ ಇಪ್ಪತ್ತು ಲಕ್ಷ ಎಂಬ ಅಂದಾಜು ಇಂದಿಗೂ ಪುಸ್ತಕಗಳಲ್ಲಿ ಓಡಾಡುತ್ತಿದೆ. ಆದರೆ ಅದೇ ಸರ್ಕಾರ ಮೆರವಣಿಗೆಯನ್ನು ಭಾನುವಾರ ಇಡದೆ ಸೋಮವಾರಕ್ಕೆ ಇಟ್ಟದ್ದು ಯಾಕೆ? ರಜೆಯ ದಿನ ಕೂಲಿಕಾರರು ಕೆಂಪು ಬಾವುಟ ಹಿಡಿದು ತುಂಬಿಕೊಂಡಾರು ಎಂಬ ಭಯ. ಬಡವರ ಕಾದಂಬರಿಕಾರನ ಯಾತ್ರೆಗೆ ಬಡವರು ತೀರಾ ಜಾಸ್ತಿ ಬರದಂತೆ ನೋಡಿಕೊಳ್ಳಬೇಕಿತ್ತು.

ಉಯಿಲಿನ ಗತಿ ಏನಾಯಿತು? ಬಡವರ ಕರಿ ಗಾಡಿಯನ್ನು ಅವರು ತಪ್ಪಿಸಲಿಲ್ಲ. ಸೇನೆ, ಶಾಸನಸಭೆ, ಹೂವಿನ ರಥಗಳ ನಡುವೆ ಅಲಂಕಾರವಿಲ್ಲದ ಆ ಗಾಡಿ ಇಬ್ಬರು ಮೊಮ್ಮಕ್ಕಳು ಕೊಟ್ಟ ಬಿಳಿ ಗುಲಾಬಿಯ ಹಾರಗಳನ್ನಷ್ಟೇ ಹೊತ್ತು ಸಾಗಿತು. ಕೊನೆಯ ಆಸೆಯ ಅಕ್ಷರ ಪಾಲಿಸಿ ಅರ್ಥವನ್ನು ತಿರುಗಿಸಿಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ಆ ಬಡ ಗಾಡಿಯೇ ಇಡೀ ಮೆರವಣಿಗೆಯ ಅತಿ ದೊಡ್ಡ ಆಡಂಬರವಾಯಿತು. ಹ್ಯೂಗೊ ಅಷ್ಟು ಜಾಣ ನಾಟಕಕಾರ. ಇದನ್ನು ಊಹಿಸಿರಲಿಲ್ಲ ಎಂದು ನಂಬುವುದು ನನಗೆ ಕಷ್ಟ.

ಇಂಗ್ಲೆಂಡಿನಲ್ಲಿ ಹದಿನೈದು ವರ್ಷ ಮುಂಚೆ ಚಾರ್ಲ್ಸ್ ಡಿಕನ್ಸ್ ವಿಷಯದಲ್ಲಿ ರಾಜಿ ಬೇರೆ ದಿಕ್ಕಿಗೆ ಹೋಗಿತ್ತು. 1870ರ ಜೂನ್ 9ರಂದು ಸತ್ತ ಡಿಕನ್ಸ್‌ನ ಉಯಿಲು ತೀರಾ ಖಡಕ್: ದಿನ, ಸ್ಥಳ ಪ್ರಕಟಿಸಬಾರದು, ಮೂರಕ್ಕಿಂತ ಹೆಚ್ಚು ಗಾಡಿ ಇರಬಾರದು, ಬಂದವರು ಶೋಕದ ವೇಷ ತೊಡಬಾರದು, ಸ್ಮಾರಕ ಕೂಡದು, ನೆನಪಿಗೆ ಪುಸ್ತಕಗಳು ಸಾಕು. ಪತ್ರಿಕೆಗಳು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೇ ಆಗಬೇಕು ಎಂದು ಹಟ ಹಿಡಿದವು. ಕೊನೆಗೆ ಜೂನ್ 14ರ ಬೆಳಗ್ಗೆ, ಜನರಿಗೆ ಸುಳಿವು ಸಿಗುವ ಮುಂಚೆ, ಮೂರೇ ಗಾಡಿಯಲ್ಲಿ ಹತ್ತಾರು ಮಂದಿ ಬಂದು ಅಬ್ಬೆಯೊಳಗೆ ಹೂಳಿದರು. ಆಮೇಲೆ ಗೋರಿಯ ಬಾಯಿ ಮುಚ್ಚದೆ ಬಿಟ್ಟರು. ಸಾವಿರಾರು ಜನ ಬಂದು ಇಣುಕಿ ಹೂ ಹಾಕಿ ಹೋದರು. ಜಾಗ ದೇಶದ್ದು, ವಿಧಾನ ಅವನದ್ದು. ಶಿಲ್ಪ ಬೇಡ ಎಂದದ್ದನ್ನು ಇಂಗ್ಲೆಂಡ್ ಬಹುಕಾಲ ಪಾಲಿಸಿತು. ಹುಟ್ಟೂರು ಪೋರ್ಟ್ಸ್‌ಮತ್‌ನಲ್ಲಿ ಪ್ರತಿಮೆ ನಿಂತದ್ದು 2014ರಲ್ಲಿ. ಥಾಮಸ್ ಹಾರ್ಡಿಯ ಕಾಲಕ್ಕೆ ಈ ರಾಜಿ ಅತಿರೇಕಕ್ಕೆ ಹೋಯಿತು. ಊರಿನ ಸ್ಟಿನ್ಸ್‌ಫರ್ಡ್ ಚರ್ಚಿನಂಗಳದಲ್ಲಿ ತನ್ನವರ ಪಕ್ಕ ಮಲಗಬೇಕೆಂದಿದ್ದವನು. 1928ರ ಜನವರಿಯಲ್ಲಿ ಹೃದಯವನ್ನು ಕಿತ್ತು ಅಲ್ಲಿ ಹೂತರು, ಉಳಿದ ದೇಹ ಸುಟ್ಟು ಬೂದಿಯನ್ನು ಅಬ್ಬೆಗೆ ಒಯ್ದರು. ಅಬ್ಬೆಯಲ್ಲಿ ಶವವಸ್ತ್ರ ಹಿಡಿದವರಲ್ಲಿ ಪ್ರಧಾನಿ ಬಾಲ್ಡ್‌ವಿನ್, ಕಿಪ್ಲಿಂಗ್, ಬರ್ನಾರ್ಡ್ ಷಾ ಇದ್ದರು. ಹೃದಯವನ್ನು ಬೆಕ್ಕು ತಿಂದಿತ್ತಂತೆ ಎಂಬ ಗಾಳಿಮಾತನ್ನು ಡಾರ್ಸೆಟ್‌ನ ಜನ ಇವತ್ತಿಗೂ ಬಿಟ್ಟಿಲ್ಲ. ಬರಹಗಾರನೊಬ್ಬನ ದೇಹವನ್ನು ದೇಶಕ್ಕೂ ಊರಿಗೂ ಪಾಲು ಹಾಕಿದರೆ ಊರು ಸೇಡು ತೀರಿಸಿಕೊಳ್ಳುವ ರೀತಿ ಅದು.

ಮಹಾಸಮಾಧಿಯೊಳಗೆ ಹೋದರೆ ಜಗಳ ಮುಗಿಯುತ್ತದೆ ಎಂಬ ನಂಬಿಕೆಯನ್ನು ಸುಳ್ಳು ಮಾಡಿದ್ದು ಎಮಿಲ್ ಜೋಲಾ. ದೇಶದ್ರೋಹದ ಸುಳ್ಳು ಆರೋಪ ಹೊತ್ತ ಸೇನಾಧಿಕಾರಿ ಡ್ರೇಫಸ್ ಪರವಾಗಿ 1898ರ ಜನವರಿ 13ರಂದು ಬಹಿರಂಗ ಪತ್ರ ಬರೆದು ಶಿಕ್ಷೆಗೊಳಗಾಗಿ ಇಂಗ್ಲೆಂಡಿಗೆ ಓಡಿದವನು, 1902ರಲ್ಲಿ ಕೋಣೆಯ ಒಲೆಯ ವಿಷಗಾಳಿಯಿಂದ ಸತ್ತ. 1908ರ ಜೂನ್ 4ರಂದು ಅವನ ಅವಶೇಷವನ್ನು ಪ್ಯಾಂಥಿಯನ್‌ಗೆ ತಂದರು. ಸಮಾರಂಭ ಮುಗಿಯುವ ಹೊತ್ತಿಗೆ ಗ್ರೆಗೊರಿ ಎಂಬ ಪತ್ರಕರ್ತ ಡ್ರೇಫಸ್‌ಗೆ ಗುಂಡು ಹೊಡೆದ. ಗುಂಡು ತೋಳಿಗೆ ತಾಗಿತು, ನ್ಯಾಯಾಲಯ ಗ್ರೆಗೊರಿಯನ್ನು ಬಿಟ್ಟುಬಿಟ್ಟಿತು. ಸತ್ತವನು ಇನ್ನೂ ಬದುಕಿದ್ದಾನೆ ಎನ್ನುವುದಕ್ಕೆ ಇಷ್ಟು ಪುರಾವೆ ಬೇರೆ ಯಾವ ಲೇಖಕನಿಗೂ ಸಿಕ್ಕಿಲ್ಲ. ಜೋಲಾ, ಹ್ಯೂಗೊ ಇಬ್ಬರೂ ಈಗ ಒಂದೇ ನೆಲಮಾಳಿಗೆಯಲ್ಲಿದ್ದಾರೆ. 2002ರಲ್ಲಿ ಅಲೆಕ್ಸಾಂಡರ್ ಡ್ಯೂಮಾ ಮೂರನೆಯವನಾಗಿ ಸೇರಿಕೊಂಡ. ಅಜ್ಜಿ ಹೈಟಿಯ ಗುಲಾಮಳಾಗಿದ್ದ ಈ ಲೇಖಕನನ್ನು ಬಣ್ಣದ ಕಾರಣಕ್ಕೆ ಹೀಗಳೆದಿದ್ದರ ಪ್ರಾಯಶ್ಚಿತ್ತ ಎಂದು ಅಧ್ಯಕ್ಷ ಶಿರಾಕ್ ಬಹಿರಂಗವಾಗಿಯೇ ಒಪ್ಪಿದರು. 2009ರಲ್ಲಿ ಅಧ್ಯಕ್ಷ ಸರ್ಕೋಜಿ ಆಲ್ಬರ್ಟ್ ಕಮೂವನ್ನೂ ತರಲು ಹೊರಟಾಗ ಮಗ ಬೇಡ ಎಂದ. ಕಮೂ ಲೂರ್ಮಾರೆಂ ಎಂಬ ಹಳ್ಳಿಯಲ್ಲೇ ಉಳಿದ. ಇಷ್ಟೆಲ್ಲ ಇದ್ದೂ ಆ ನೆಲಮಾಳಿಗೆಯಲ್ಲಿ ಒಬ್ಬ ಕಾದಂಬರಿಗಾರ್ತಿಯೂ ಇಲ್ಲ. ಕೊಲೆಟ್‌ಗೆ 1954ರಲ್ಲಿ ಫ್ರಾನ್ಸ್ ಸರ್ಕಾರಿ ಅಂತ್ಯಕ್ರಿಯೆ ಕೊಟ್ಟಿತು, ಫ್ರೆಂಚ್ ಹೆಂಗಸೊಬ್ಬಳಿಗೆ ಅದೇ ಮೊದಲು. ಅದೂ ಚರ್ಚು ವಿಚ್ಛೇದನದ ಕಾರಣಕ್ಕೆ ಪ್ರಾರ್ಥನೆ ನಿರಾಕರಿಸಿದ ಮೇಲೆ.

ಈ ಗದ್ದಲದಿಂದ ಪೂರ್ತಿ ತಪ್ಪಿಸಿಕೊಂಡವನು ಟಾಲ್‌ಸ್ಟಾಯ್. ರಷ್ಯದ ಚರ್ಚು 1901ರಲ್ಲೇ ಅವನನ್ನು ಹೊರಹಾಕಿತ್ತು. 1910ರ ನವೆಂಬರ್‌ನಲ್ಲಿ ಅಸ್ತಾಪೊವೊ ಎಂಬ ರೈಲು ನಿಲ್ದಾಣದಲ್ಲಿ ಸತ್ತಾಗ, ಪಾದ್ರಿಯೂ ಇಲ್ಲದೆ ಸರ್ಕಾರವೂ ಇಲ್ಲದೆ ರೈತರು, ವಿದ್ಯಾರ್ಥಿಗಳೇ ಯಾಸ್ನಾಯ ಪಾಲ್ಯಾನದ ಕಾಡಿನಂಚಿಗೆ ಹೊತ್ತೊಯ್ದರು. ಚಿಕ್ಕವನಿದ್ದಾಗ ಅಣ್ಣ ನಿಕೊಲಾಯ್, ಮನುಷ್ಯರೆಲ್ಲ ಸುಖವಾಗಿರುವ ಗುಟ್ಟು ಬರೆದ ಹಸಿರು ಕೋಲೊಂದನ್ನು ಅಲ್ಲಿ ಹೂತಿದ್ದೇನೆ ಎಂದು ಕಥೆ ಹೇಳಿದ್ದ. ತನ್ನನ್ನು ಆ ಜಾಗದಲ್ಲೇ ಹೂಳಿ ಎಂದು ಟಾಲ್‌ಸ್ಟಾಯ್ ಹೇಳಿದ್ದ. ಈಗಲೂ ಅದು ಹುಲ್ಲು ಬೆಳೆದ ಮಣ್ಣಿನ ದಿಬ್ಬ. ಶಿಲುಬೆ ಇಲ್ಲ, ಹೆಸರೂ ಇಲ್ಲ. ಸೋವಿಯತ್ ಸರ್ಕಾರ ಎಲ್ಲದಕ್ಕೂ ಪ್ರತಿಮೆ ನಿಲ್ಲಿಸುವ ಕಾಲದಲ್ಲೂ ಇದನ್ನು ಮುಟ್ಟದೆ ಬಿಟ್ಟದ್ದು ಅಚ್ಚರಿ.

ಇಂಡಿಯಾದಲ್ಲಿ ಎರಡು ತುದಿಗಳನ್ನು ಐದು ವರ್ಷಗಳೊಳಗೆ ನೋಡಬಹುದು. 1936ರ ಅಕ್ಟೋಬರ್ 8ರಂದು ಕಾಶಿಯಲ್ಲಿ ಪ್ರೇಮಚಂದ್ ಸತ್ತಾಗ ಹೆಣದ ಹಿಂದೆ ಹೋದವರು ಬೆರಳೆಣಿಕೆ ಮಂದಿ. ಯಾರು ಸತ್ತದ್ದು ಎಂದು ದಾರಿಹೋಕನೊಬ್ಬ ಕೇಳಿದಾಗ ಇನ್ನೊಬ್ಬ ಯಾರೋ ಮೇಷ್ಟ್ರಂತೆ ಎಂದನೆಂದು ಹಿಂದಿಯವರು ಹೇಳಿಕೊಳ್ಳುತ್ತಾರೆ. 1941ರ ಆಗಸ್ಟ್ 7ರಂದು ಕಲ್ಕತ್ತದಲ್ಲಿ ರವೀಂದ್ರನಾಥ ಟ್ಯಾಗೋರರ ಸರದಿ. ಶಾಂತಿನಿಕೇತನದ ಬಯಲಿನಲ್ಲಿ ಸದ್ದಿಲ್ಲದೆ ಆಗಬೇಕೆಂದಿದ್ದ ಯಾತ್ರೆಯನ್ನು ಕಲ್ಕತ್ತದ ಜನ ತಾವೇ ವಶಪಡಿಸಿಕೊಂಡರು. ನೆನಪಿಗೆಂದು ಗಡ್ಡದ ಕೂದಲು ಕಿತ್ತವರಿದ್ದರು. ಮಗ ರಥೀಂದ್ರನಾಥ ಗುಂಪು ಸೀಳಿ ಚಿತೆಯ ಹತ್ತಿರ ಹೋಗಲಾಗಲಿಲ್ಲ. ಸರ್ಕಾರವಿಲ್ಲದಿದ್ದರೆ ಜನ ಸಭ್ಯರಾಗಿರುತ್ತಾರೆ ಎಂಬ ಭ್ರಮೆ ಇರುವವರು ಆ ಮಧ್ಯಾಹ್ನವನ್ನು ನೆನೆಯಬೇಕು. ಈಚೆಗೆ 2024ರ ಡಿಸೆಂಬರ್ 25ರಂದು ತೀರಿಕೊಂಡ ಎಂ.ಟಿ. ವಾಸುದೇವನ್ ನಾಯರ್ ಸಾರ್ವಜನಿಕ ದರ್ಶನಕ್ಕೆ ತನ್ನನ್ನು ಇಡಬೇಡಿ ಎಂದಿದ್ದರು. ಕೇರಳ ಅದನ್ನು ಮನ್ನಿಸಿತು: ಸಭಾಭವನಕ್ಕೆ ಒಯ್ಯಲಿಲ್ಲ, ಬಂದವರು ಕೋಳಿಕ್ಕೋಡಿನ ಮನೆಗೇ ಬಂದು ನೋಡಿದರು, ಗೌರವ ಸ್ಮಶಾನದಲ್ಲಾಯಿತು. ತಮಿಳುನಾಡಿನಲ್ಲಿ 2021ರ ಮೇ ತಿಂಗಳಲ್ಲಿ ಕಿ. ರಾಜನಾರಾಯಣನ್ ಅವರನ್ನು ಪುದುಚೇರಿಯಿಂದ ಹುಟ್ಟೂರು ಇಡೈಸೇವಲ್‌ಗೆ ತಂದು ಪೊಲೀಸ್ ಗೌರವ ಸಲ್ಲಿಸಿದರು. ಕರಿಸಲ್ (ಕಪ್ಪು ಮಣ್ಣಿನ) ಭೂಮಿಯ ರೈತರ ಮಾತನ್ನು ಕಾದಂಬರಿಗೆ ತಂದ ಮನುಷ್ಯನಿಗೆ ಮುಂದಿನ ವರ್ಷವೇ ಕೋವಿಲ್‌ಪಟ್ಟಿಯಲ್ಲಿ ಸ್ಮಾರಕ ಭವನವೂ ಎದ್ದಿತು.

ಕರ್ನಾಟಕಕ್ಕೆ ಬಂದರೆ, ಬೇಡ ಎಂದು ಖಚಿತವಾಗಿ ಹೇಳಿ ಅದನ್ನು ನಡೆಸಿಕೊಂಡವರು ಗಿರೀಶ ಕಾರ್ನಾಡ. ಕಾದಂಬರಿಕಾರರಲ್ಲದಿದ್ದರೂ ಇಲ್ಲಿ ಅವರನ್ನು ಬಿಡುವಂತಿಲ್ಲ. 2019ರ ಜೂನ್ 10ರಂದು ಸರ್ಕಾರ ರಜೆ ಘೋಷಿಸಿತು, ಶೋಕಾಚರಣೆ ಘೋಷಿಸಿತು, ಗೌರವಕ್ಕೆ ಸಿದ್ಧವಾಗಿತ್ತು. ಮನೆಯವರು ಅವರ ಆಸೆಯಂತೆ ಯಾವ ವಿಧಿಯೂ ಇಲ್ಲದೆ, ದರ್ಶನಕ್ಕೂ ಇಡದೆ, ಬೈಯಪ್ಪನಹಳ್ಳಿ ಕಡೆಯ ಕಲ್ಪಳ್ಳಿ ವಿದ್ಯುತ್ ಚಿತಾಗಾರದಲ್ಲಿ ಮುಗಿಸಿದರು. ಮಂತ್ರಿಗಳು, ಸಾಹಿತಿಗಳು ಅಲ್ಲಿಗೇ ಹೋಗಿ ಕೈಮುಗಿದು ಬಂದರು. ಇದರಿಂದ ಯಾರಿಗೂ ಅವಮಾನವಾಗಲಿಲ್ಲ. ಸರ್ಕಾರಿ ಗೌರವ ಕೊಡದಿದ್ದರೆ ನಾಡಿಗೇ ಕಳಂಕ ಎಂಬ ಮಾತು ಪ್ರತಿ ಸಲ ಕೇಳಿಬರುತ್ತದಲ್ಲ, ಆಗೆಲ್ಲ ಕಲ್ಪಳ್ಳಿ ನನಗೆ ನೆನಪಾಗುತ್ತದೆ.

ಸಮಾಧಿಯ ಮಾತು ಬಂದಾಗ ಕನ್ನಡಿಗರೆಲ್ಲ ತೋರಿಸುವುದು ಕುಪ್ಪಳಿಯನ್ನು. ತೋರಿಸಬೇಕಾದದ್ದೇ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡ ಕುವೆಂಪು ಅವರನ್ನು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಶೈಲಕ್ಕೆ ಒಯ್ದರು. ಮನೆಯ ಹಿಂದಿನ ಗುಡ್ಡದ ಆ ಬಂಡೆಹಾಸಿನ ಮೇಲೆ ಕೂತು ಅವರು ಸೂರ್ಯಾಸ್ತ ನೋಡಿದ್ದು, ಬರೆದದ್ದು ಓದುಗರಿಗೆಲ್ಲ ಗೊತ್ತಿತ್ತು. ಅಂದರೆ ಸಮಾಧಿ ಆಗುವ ಮುಂಚೆಯೇ ಅದು ಸ್ಮಾರಕವಾಗಿತ್ತು. ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ಶಿಲಾವಲಯದಲ್ಲಿ ಮೂರ್ತಿಯಿಲ್ಲ, ಗೋಪುರವಿಲ್ಲ. ಎರಡು ಕಂಬದ ಮೇಲೊಂದು ಅಡ್ಡಗಲ್ಲು ಎಂಬಂಥ ಬೃಹತ್ ಕಲ್ಲುಗಳು ಬಯಲಿನಲ್ಲಿ ನಿಂತಿವೆ, ನಡುವೆ ಆಕಾಶ. ಕೆತ್ತನೆ ಎಂದರೆ ಹತ್ತಿರದ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೊರೆದುಕೊಂಡ ಹೆಸರುಗಳು; ಗುರುಶಿಷ್ಯರು ಅಲ್ಲಿಗೆ ಬಂದಿದ್ದಾಗಿನ ಹುಡುಗಾಟ. ಬಗ್ಗಿ ಆ ಅಕ್ಷರಗಳ ಮೇಲೆ ಬೆರಳಾಡಿಸದೆ ಹೋಗುವ ಪ್ರವಾಸಿಗರು ಕಡಿಮೆ. ಶಾಲಾ ಪ್ರವಾಸದ ಮಕ್ಕಳು ಕಲ್ಲುಗಳ ಸಂದಿಯಲ್ಲಿ ಮುಟ್ಟಾಟ ಆಡುತ್ತಾರೆ, ಮೇಷ್ಟ್ರು ಸಿಳ್ಳೆ ಊದುತ್ತಾರೆ. ನನಗೆ ಅದರಲ್ಲಿ ತಪ್ಪೇನೂ ಕಾಣದು. 'ಮಲೆಗಳಲ್ಲಿ ಮದುಮಗಳು' ಓದಿದವನಿಗೆ ಆ ಗುಡ್ಡದಿಂದ ಕಾಣುವ ಕಾಡೇ ಸಾಕು, ಓದದವನಿಗೆ ಕಲ್ಲು ಏನನ್ನೂ ಓದಿ ಹೇಳುವುದಿಲ್ಲ. 2007ರ ಏಪ್ರಿಲ್ 5ರಂದು ಮೂಡಿಗೆರೆಯಲ್ಲಿ ಸತ್ತ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಅಲ್ಲೇ ಕೆಳಗಿದೆ. ಆದರೆ ತೇಜಸ್ವಿಯನ್ನು ಹುಡುಕುವವರು ಹೆಚ್ಚಾಗಿ ಹೋಗುವುದು ಕೊಟ್ಟಿಗೆಹಾರದ ಪ್ರತಿಷ್ಠಾನಕ್ಕೆ, ಹಕ್ಕಿ ಕೀಟ ನೋಡಲಿಕ್ಕೆ. ಅದು ಅವರಿಗೆ ತಕ್ಕದ್ದು.

ಸ್ಮಾರಕ ಕಟ್ಟುವುದು ಸುಲಭ, ಕಾಯುವುದು ಕಷ್ಟ ಎಂಬುದನ್ನೂ ಕುಪ್ಪಳಿಯೇ ತೋರಿಸಿತು. 2015ರ ನವೆಂಬರ್‌ನಲ್ಲಿ ಕವಿಮನೆಗೆ ನುಗ್ಗಿದ ಕಳ್ಳರು ಪದ್ಮ ಪ್ರಶಸ್ತಿಗಳನ್ನು ಹೊತ್ತೊಯ್ದರು. ಗುಂಡು ಹಾರಿಸುವ ಪಡೆಯ ಖರ್ಚು ಒಂದು ಮಧ್ಯಾಹ್ನದ್ದು. ಕಾವಲುಗಾರನ ಸಂಬಳ, ಹೆಂಚು ಸೋರದಂತೆ ನೋಡಿಕೊಳ್ಳುವ ಹಣ, ಬಂದವರಿಗೆ ನಾಲ್ಕು ಮಾತು ಹೇಳಬಲ್ಲ ಒಬ್ಬ ಓದಿದ ಮನುಷ್ಯ, ಇವೆಲ್ಲ ಪ್ರತಿ ತಿಂಗಳ ಬಾಬತ್ತು. ಘೋಷಣೆ ಮಾಡುವ ಮಂತ್ರಿಗೆ ಆ ಬಾಬತ್ತಿನ ನೆನಪಿರುವುದಿಲ್ಲ. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬಾಳಿದ ಪುತ್ತೂರಿನ ಬಾಲವನ ಸರ್ಕಾರದ ಕೈಗೆ ಬಂದ ಮೇಲೆ ಅವರ ಮನೆ ದುರಸ್ತಿಯಾಯಿತು, ಜೊತೆಗೊಂದು ಈಜುಕೊಳವೂ ಬಂತು. ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನೇ ಹಿಂದಿರುಗಿಸಿದ, ಕೈಗಾ ಅಣುಸ್ಥಾವರದ ವಿರುದ್ಧ 1989ರಲ್ಲಿ ಚುನಾವಣೆಗೇ ನಿಂತ ಕಾರಂತರು ತಮ್ಮ ಹೆಸರಿನ ಈಜುಕೊಳವನ್ನು ನೋಡಿದ್ದರೆ ಬೈಯುತ್ತಿದ್ದರೋ ಮಕ್ಕಳು ಈಜಲಿ ಬಿಡಿ ಎನ್ನುತ್ತಿದ್ದರೋ, ಎರಡೂ ಸಾಧ್ಯ.

ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣರ ಮನೆಯ ಪ್ರಸಂಗ ಇನ್ನೂ ಸ್ವಾರಸ್ಯದ್ದು. 2001ರಲ್ಲಿ ಚೆನ್ನೈನಲ್ಲಿ ಸತ್ತ ಅವರ ಈ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದ್ದರು. ಪತ್ರಿಕೆಗಳು ಕೂಗೆಬ್ಬಿಸಿದ ಮೇಲೆ ಕೆಲಸ ನಿಂತಿತು, ನಗರದ ಆಡಳಿತ ಮನೆಯನ್ನು ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ವಸ್ತುಸಂಗ್ರಹಾಲಯ ಮಾಡಿತು. ನಡುವೆ ಕೆಲವು ಕನ್ನಡ ಲೇಖಕರು ತಕರಾರು ತೆಗೆದರು: ಕನ್ನಡದಲ್ಲಿ ಬರೆಯದವರಿಗೆ ಕನ್ನಡಿಗರ ತೆರಿಗೆ ಹಣ ಯಾಕೆ? ತಕರಾರನ್ನು ಸಣ್ಣತನ ಎಂದು ತಳ್ಳಿಹಾಕಿದವರು ಹೆಚ್ಚು. ನಾನೂ ಆ ಮನೆ ಉಳಿದದ್ದು ಒಳ್ಳೆಯದಾಯಿತು ಎನ್ನುವವನೇ. ಆದರೆ ತಕರಾರಿನ ಒಳಗೊಂದು ನಿಜವಾದ ಪ್ರಶ್ನೆ ಇತ್ತು. ಸಾರ್ವಜನಿಕ ಹಣದಲ್ಲಿ ಯಾರ ಮನೆ ಉಳಿಯಬೇಕು ಎಂದು ತೀರ್ಮಾನಿಸುವ ಒಂದು ವಿಧಾನ ನಮ್ಮಲ್ಲಿಲ್ಲ. ಪತ್ರಿಕೆಯಲ್ಲಿ ಸುದ್ದಿಯಾದದ್ದು ಉಳಿಯುತ್ತದೆ, ಮಿಕ್ಕದ್ದರ ಜಾಗದಲ್ಲಿ ಅಪಾರ್ಟ್‌ಮೆಂಟ್ ಬರುತ್ತದೆ.

ಜಗಳವನ್ನು ಮುಚ್ಚಿಡದೆಯೇ ಸ್ಮಾರಕ ಮಾಡಬಹುದು ಎನ್ನುವುದಕ್ಕೆ ಲಿಸ್ಬನ್‌ನಲ್ಲೊಂದು ಉದಾಹರಣೆ ಇದೆ. ಜೋಸೆ ಸರಮಾಗೊನ ಏಸುವಿನ ಕುರಿತ ಕಾದಂಬರಿಯನ್ನು 1992ರಲ್ಲಿ ಪೋರ್ಚುಗಲ್ ಸರ್ಕಾರ ಯುರೋಪಿನ ಪ್ರಶಸ್ತಿಯ ಪಟ್ಟಿಯಿಂದ ತೆಗೆಸಿತು. ಮುನಿದ ಲೇಖಕ ಸ್ಪೇನಿನ ಲ್ಯಾಂಜರೋಟೆ ದ್ವೀಪಕ್ಕೆ ಹೋಗಿ ನೆಲೆಸಿದ. 2010ರ ಜೂನ್ 18ರಂದು ಅವನು ಸತ್ತಾಗ ರಾಷ್ಟ್ರಾಧ್ಯಕ್ಷ ಕವಾಕೊ ಸಿಲ್ವಾ ಅಂತ್ಯಕ್ರಿಯೆಗೆ ಬರಲಿಲ್ಲ. 1992ರಲ್ಲಿ ಪ್ರಧಾನಿಯಾಗಿದ್ದವರು ಅವರೇ. ಒಂದು ವರ್ಷದ ಮೇಲೆ, ಸರಮಾಗೊ ಹುಟ್ಟಿದ ಅಜಿನ್ಯಾಗಾ ಹಳ್ಳಿಯಿಂದ ಹಳೆಯ ಆಲಿವ್ ಮರವೊಂದನ್ನು ಬುಡಸಮೇತ ತಂದು ಲಿಸ್ಬನ್ ನದೀತೀರದ ರಸ್ತೆಯ ಪಕ್ಕ ನೆಟ್ಟು ಅದರ ಬುಡಕ್ಕೆ ಬೂದಿ ಹಾಕಿದರು. ಎದುರಿನ ಕಟ್ಟಡದಲ್ಲಿ ಅವನ ಪ್ರತಿಷ್ಠಾನ ಇದೆ. ಸಾಲಾಗಿ ಬೈಕು ಕಾರು ಓಡಾಡುವ ಜಾಗ. ಯಾವ ಅಧ್ಯಕ್ಷನೂ ಬಂದು ಆಜ್ಞೆ ಹೊರಡಿಸುವ ಅಗತ್ಯ ಬೀಳಲಿಲ್ಲ. ಅದೇ ಪೋರ್ಚುಗಲ್, 1900ರಲ್ಲಿ ಸತ್ತ ಕಾದಂಬರಿಕಾರ ಎಸಾ ದ ಕೇರೋಜ್‌ನ ಅವಶೇಷವನ್ನು ಹಳ್ಳಿಯ ಗೋರಿಯಿಂದ ರಾಷ್ಟ್ರೀಯ ಪ್ಯಾಂಥಿಯನ್‌ಗೆ ತರಲು ಸಂಸತ್ತಿನಲ್ಲಿ ನಿರ್ಣಯ ಮಾಡಿ, ಮರಿಮಕ್ಕಳ ನಡುವೆ ಒಡಕು ಹುಟ್ಟಿ, ಕೋರ್ಟು ಹತ್ತಿಳಿದು, ಕೊನೆಗೆ 2025ರ ಜನವರಿ 8ರಂದು ಕೆಲಸ ಮುಗಿಸಿತು. ಸತ್ತು 124 ವರ್ಷವಾದ ಮೇಲೂ ಮನುಷ್ಯನಿಗೆ ಬಿಡುವಿಲ್ಲ.

ಭೈರಪ್ಪನವರಿಗೆ ಮೈಸೂರಿನಲ್ಲಿ ಸ್ಮಾರಕ ಮಾಡುವ ಮಾತು ಅವರು ಹೋದ ದಿನಗಳಲ್ಲೇ ಕೇಳಿಬಂತು. ಎಲ್ಲಿ, ಎಷ್ಟು ಎಕರೆ, ಯಾವ ಟ್ರಸ್ಟ್ ಎಂದು ಚರ್ಚೆ ನಡೆಯುತ್ತದೆ. ಅದರ ಬದಲು ಕೇಳಬೇಕಾದದ್ದು ಪುಸ್ತಕಗಳು ಯಾರ ಸೊತ್ತು ಎಂಬ ಪ್ರಶ್ನೆ; ಅದಕ್ಕೆ ನೆರೆಯ ತಮಿಳುನಾಡು ಎಪ್ಪತ್ತು ವರ್ಷಕ್ಕೂ ಹಿಂದೆಯೇ ಒಂದು ಉತ್ತರ ಕೊಟ್ಟಿದೆ. 1949ರಲ್ಲಿ ಮದ್ರಾಸ್ ಸರ್ಕಾರ ಸುಬ್ರಹ್ಮಣ್ಯ ಭಾರತಿಯ ಕೃತಿಗಳ ಹಕ್ಕನ್ನು ಪಡೆಯಿತು, ಮುಂದೆ ಅದನ್ನು ನಾಡಿಗೆ ಬಿಟ್ಟುಕೊಟ್ಟಿತು. ಆಮೇಲೆ ಅದೇ ಪದ್ಧತಿಯಾಯಿತು: ವಾರಸುದಾರರಿಗೆ ಹಣ ಕೊಟ್ಟು ಲೇಖಕರ ಬರಹಗಳನ್ನು ರಾಷ್ಟ್ರೀಕರಿಸುವುದು. ಬಳಿಕ ಯಾರು ಬೇಕಾದರೂ ಅಚ್ಚು ಹಾಕಬಹುದು, ಅಗ್ಗದ ಆವೃತ್ತಿ ತರಬಹುದು. ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಲೇಖಕ ಸತ್ತ ಮೇಲೆ 60 ವರ್ಷ ಇರುತ್ತದೆ. ಕುವೆಂಪು ಬರಹಗಳಿಗೆ 2054ರ ಕೊನೆಯವರೆಗೆ, ಕಾರಂತರದ್ದಕ್ಕೆ 2057ರವರೆಗೆ.

ಕಾದಂಬರಿಗಾರ್ತಿ ತ್ರಿವೇಣಿಯವರ ಹಕ್ಕುಸ್ವಾಮ್ಯದ ಲೆಕ್ಕ ಆಗಲೇ ಮುಗಿದಿದೆ. ಅವರು 1963ರಲ್ಲಿ, ಮೂವತ್ತೈದು ತುಂಬುವ ಮುಂಚೆ, ಮೈಸೂರಿನಲ್ಲಿ ತೀರಿಕೊಂಡಾಗ ಕುಶಾಲತೋಪಿನ ಪ್ರಶ್ನೆಯೇ ಇರಲಿಲ್ಲ. ಚಾಮುಂಡಿಪುರಂನ ಅವರ ಮನೆಯನ್ನು ಇತ್ತೀಚೆಗೆ ಮನೆಯವರೂ ಅಭಿಮಾನಿಗಳೂ ಮುತುವರ್ಜಿ ವಹಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. 2024ರ ಜನವರಿ 1ರಿಂದ 'ಶರಪಂಜರ', 'ಬೆಳ್ಳಿಮೋಡ', 'ಬೆಕ್ಕಿನ ಕಣ್ಣು' ಎಲ್ಲವೂ ನಾಡಿನ ಸೊತ್ತು. ಅವನ್ನು ಅಚ್ಚು ಹಾಕಲು ಯಾರ ಅನುಮತಿಯೂ ಬೇಕಿಲ್ಲ, ಮುಖ್ಯಮಂತ್ರಿಯದ್ದಂತೂ ಬೇಡವೇ ಬೇಡ.